ಸುಮ್ಮನೆ ಕೂತವರ ಲೆಕ್ಕ

ಮಲಗಿರುವವರ ಪಕ್ಕ ಹೋಗಿ "ನಿದ್ದೆ ಬಂತಾ?" ಎಂದು ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಎಲ್ಲರಿಗೂ ಇತ್ತು. ಬಂದಿದ್ದರೆ ಆ ಪ್ರಶ್ನೆಯೇ ಎಬ್ಬಿಸಿಬಿಡುತ್ತಿತ್ತು. ಬಂದಿಲ್ಲವೆಂದರೆ ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಕೇಳುತ್ತಿದ್ದೆವು. ಮುಂದೊಂದು ದಿನ ಇದೇ ಪ್ರಶ್ನೆಯನ್ನು ಯಂತ್ರಕ್ಕೆ ಕೇಳುವುದು ನನ್ನ ಹೊಟ್ಟೆಪಾಡಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ನಾನು ಮಾಡಿಕೊಂಡು ಬಂದಿರುವ ಕೆಲಸ ಹೇಳಿದರೆ ಚಿಕ್ಕದು. ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಯಾವಾಗ ಬಿಡುವಾಗಿದೆ ಎಂದು ಪತ್ತೆ ಮಾಡುವುದು, ಬಿಡುವಾಗಿದ್ದರೆ ಅದನ್ನು ಸರಿಯಾಗಿ ಮಲಗಿಸುವುದು. ಕೈಯಲ್ಲಿ ಹಿಡಿಯುವ ಸಾಧನಗಳ ಬ್ಯಾಟರಿ ಸಂಜೆಯವರೆಗೆ ಬರುವುದು ಹೆಚ್ಚುಕಡಿಮೆ ಈ ಮಲಗಿಸುವ ವಿದ್ಯೆಯಿಂದ. ಇದನ್ನು ಹೇಳಿದಾಗ ನಮ್ಮತ್ತೆ, "ಅಲ್ಲಪ್ಪಾ, ಕೆಲಸ ಮಾಡ್ಸೋದಕ್ಕೆ ಸಂಬಳ ಕೊಡೋದು ಕೇಳಿದೀನಿ, ಮಲಗ್ಸೋದಕ್ಕೂ ಕೊಡ್ತಾರಾ?" ಎಂದಿದ್ದರು.

ಕರ್ನಲ್ ಎಂದರೆ ಮದುವೆಮನೆಯಲ್ಲಿ ಉಗ್ರಾಣದ ಬೀಗದ ಕೈ ಇಟ್ಟುಕೊಂಡ ಹಿರಿಯರಿದ್ದ ಹಾಗೆ. ಅಡುಗೆಯವರಿಗೆ ಬೇಳೆ, ಬಡಿಸುವವರಿಗೆ ಎಲೆ, ಎಲ್ಲವೂ ಅವರ ಕೈ ದಾಟಿಯೇ ಹೋಗಬೇಕು. ಕಂಪ್ಯೂಟರಿನಲ್ಲಿ ಓಡುವ ಯಾವ ಪ್ರೋಗ್ರಾಮಿಗೂ ಸಿಪಿಯು ನೇರವಾಗಿ ಸಿಗುವುದಿಲ್ಲ. ಕರ್ನಲ್ ಒಂದು ಸರತಿ ಸಾಲು ಇಟ್ಟುಕೊಂಡು ಒಬ್ಬೊಬ್ಬರಿಗೆ ಇಷ್ಟಿಷ್ಟು ಎಂದು ಹಂಚುತ್ತದೆ. ಈಗ ಪ್ರಶ್ನೆ: ಇಂಥ ಹಂಚುವವರು ಯಾವಾಗ ಬಿಡುವಾಗಿದ್ದಾರೆ ಎಂದು ತಿಳಿಯುವುದು ಹೇಗೆ?

ಹೋಗಿ ಕೇಳೋಣವೆಂದರೆ ಕೇಳುವುದಕ್ಕೂ ಒಂದು ಪ್ರೋಗ್ರಾಂ ಬೇಕು. ಆ ಪ್ರೋಗ್ರಾಂ ಓಡಬೇಕಾದರೆ ಅದಕ್ಕೂ ಸಿಪಿಯು ಬೇಕು. ಒಂದೇ ಸಿಪಿಯು ಇರುವ ಯಂತ್ರದಲ್ಲಿ "ಈ ಕ್ಷಣ ಬಿಡುವಾಗಿದ್ದೀಯಾ?" ಎಂದು ಯಾವಾಗ ಕೇಳಿದರೂ ನಿಜವಾದ ಉತ್ತರ ಒಂದೇ: ಇಲ್ಲ, ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇನೆ. ಟಾಪ್ ಎನ್ನುವ ಪುಟ್ಟ ಪ್ರೋಗ್ರಾಂ ಓಡಿಸಿ ಯಂತ್ರದಲ್ಲಿ ಯಾರ್‍ಯಾರು ಓಡುತ್ತಿದ್ದಾರೆಂದು ನೋಡಿದವರಿಗೆ ಗೊತ್ತು, ಪಟ್ಟಿಯಲ್ಲಿ ಟಾಪ್ ತಾನೇ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಕರ್ನಲ್ ಈ ಕ್ಷಣದ ಉತ್ತರ ಕೊಡುವುದಿಲ್ಲ, ಲೆಕ್ಕದ ಪುಸ್ತಕ ಇಡುತ್ತದೆ. ಲಿನಕ್ಸ್‌ನಲ್ಲಿ ಆ ಪುಸ್ತಕದ ಬಗೆ ನನಗೆ ಮೊದಲ ಸಲ ಓದಿದಾಗ ವಿಚಿತ್ರವಾಗಿ ಕಂಡಿತ್ತು. ಯಾರಿಗೂ ಏನೂ ಕೆಲಸ ಇಲ್ಲದಾಗ ಅಲ್ಲಿ ಯಾರೂ ಇರುವುದಿಲ್ಲ ಎಂದುಕೊಂಡಿದ್ದೆ. ಹಾಗಲ್ಲ. ಪ್ರತಿ ಸಿಪಿಯುವಿಗೂ ಒಂದು ಐಡಲ್ ಟಾಸ್ಕ್ ಎಂದು ಇರುತ್ತದೆ. ಅದರ ಸಂಖ್ಯೆ ಸೊನ್ನೆ. ಸಾಲಿನಲ್ಲಿ ಬೇರೆ ಯಾರೂ ಇಲ್ಲವೆಂದಾದರೆ ಕರ್ನಲ್ ಇದನ್ನು ಕರೆದು ಕೂರಿಸುತ್ತದೆ. ಇದು ಸಿಪಿಯುವಿಗೆ ಇನ್ನು ನಿಲ್ಲು ಎಂದು ಹೇಳುತ್ತದೆ, ಎಲ್ಲಿಂದಲಾದರೂ ಕರೆ ಬರುವವರೆಗೆ ಸಿಪಿಯು ಒಂದು ಆದೇಶವನ್ನೂ ಓದದೆ ನಿಲ್ಲುತ್ತದೆ. ಅಂದರೆ ಖಾಲಿ ಇರುವುದೂ ಅಲ್ಲಿ ಒಬ್ಬರ ಹೆಸರಿಗೆ ಬರೆದ ಕೆಲಸವೇ. ವಿಂಡೋಸ್‌ನಲ್ಲಿ ಇದನ್ನು ಸಿಸ್ಟಮ್ ಐಡಲ್ ಪ್ರೊಸೆಸ್ ಎಂದು ಪಟ್ಟಿಯಲ್ಲೇ ತೋರಿಸುತ್ತಾರೆ. ಗೆಳೆಯನ ತಂದೆ ಒಮ್ಮೆ ಗಾಬರಿಯಿಂದ ಫೋನ್ ಮಾಡಿ, "ಇದ್ಯಾವುದೋ 98 ಪರ್ಸೆಂಟ್ ತಿಂತಾ ಕೂತಿದೆ, ವೈರಸ್ಸೇನಪ್ಪಾ?" ಎಂದು ಕೇಳಿದ್ದರು. ಅದು ತಿನ್ನುತ್ತಿಲ್ಲ ಅಂಕಲ್, ಅದು ಊಟ ಮಾಡದವರ ಲೆಕ್ಕ ಎಂದು ವಿವರಿಸುವಷ್ಟರಲ್ಲಿ ನನಗೆ ಸಾಕಾಯಿತು.

ಹಳೆಯ ಕಾಲದಲ್ಲಿ ಹೀಗಿರಲಿಲ್ಲ. ಡಾಸ್ ಓಡುವ ಯಂತ್ರದ ಮುಂದೆ ನೀವು ಏನೂ ಒತ್ತದೆ ಕೂತರೂ ಒಳಗೆ ಸಿಪಿಯು "ಕೀಲಿ ಒತ್ತಿದರಾ, ಒತ್ತಿದರಾ" ಎಂದು ಸುತ್ತು ಹಾಕುತ್ತಲೇ ಇರುತ್ತಿತ್ತು. ಲಿನಕ್ಸ್ ಮಲಗುವುದನ್ನು ಕಲಿತಿತ್ತು, ಆದರೆ ಅದಕ್ಕೂ ಒಂದು ರೋಗವಿತ್ತು. ಸಾಮಾನ್ಯ ಪಿಸಿಗಳಲ್ಲಿ ಸೆಕೆಂಡಿಗೆ 100 ಸಲ, ಮುಂದೆ 2.6ನೇ ಆವೃತ್ತಿ ಬಂದಾಗ 1000 ಸಲ, ಒಂದು ಗಡಿಯಾರ ಬಡಿದು ಅದನ್ನು ಎಬ್ಬಿಸುತ್ತಿತ್ತು. ಎದ್ದು, ಯಾರಿಗಾದರೂ ಕೆಲಸ ಇದೆಯೇ ಎಂದು ನೋಡಿ, ಇಲ್ಲವೆಂದು ತಿಳಿದು, ಮತ್ತೆ ಮಲಗಬೇಕು. 2007ರಲ್ಲಿ ಬಂದ 2.6.21 ಆವೃತ್ತಿಯಲ್ಲಿ ಬಿಡುವಿನ ಹೊತ್ತಿನ ಈ ಬಡಿತವನ್ನು ನಿಲ್ಲಿಸುವ ಏರ್ಪಾಡು ಮಾಡಿದರು. ಮುಂದಿನ ಕೆಲಸ ಎಷ್ಟು ಹೊತ್ತಿಗಿದೆಯೋ ಅಷ್ಟಕ್ಕೆ ಅಲಾರಂ ಇಟ್ಟು ಮಲಗುವುದು, ನಡುವೆ ಯಾರಾದರೂ ಬಂದರೆ ಬಾಗಿಲು ಬಡಿಯಲಿ. ನಮ್ಮ ಮನೆಯವರು ಆ ಪ್ರಶ್ನೆ ಕೇಳುವುದನ್ನು ಬಿಟ್ಟ ಹಾಗೆ.

ಆ ಬಡಿತದಲ್ಲಿ ಇನ್ನೊಂದು ದೋಷವೂ ಇತ್ತು. ಗಡಿಯಾರ ಬಡಿದ ಕ್ಷಣದಲ್ಲಿ ಯಾರು ಕೂತಿದ್ದಾರೋ ಅವರ ಹೆಸರಿಗೆ ಅಷ್ಟೂ ಹೊತ್ತನ್ನು ಬರೆದುಬಿಡುತ್ತಿದ್ದರು. ಅದೇ 2007ರಲ್ಲಿ ಮೂವರು ಸಂಶೋಧಕರು ಇದರ ಮೋಸವನ್ನು ತೋರಿಸಿದರು. ಬಡಿತಕ್ಕೆ ಸ್ವಲ್ಪ ಮುಂಚೆ ಎದ್ದು ಹೋಗಿ, ಬಡಿದ ಮೇಲೆ ಬಂದು ಕೂರುವ ಪ್ರೋಗ್ರಾಂ ಬೇಕಾದಷ್ಟು ಸಿಪಿಯು ಕಬಳಿಸಿದರೂ ಲೆಕ್ಕದಲ್ಲಿ ಅದು ಏನೂ ತಿಂದಿಲ್ಲ. ತಪಾಸಣೆಗೆ ಬರುವ ಹೊತ್ತು ಗೊತ್ತಿದ್ದವರ ಕಥೆ ಎಲ್ಲ ಕಡೆಯೂ ಇದೇ.

ಇಷ್ಟನ್ನೆಲ್ಲ ಹೇಳಿದ್ದು 2020ರಲ್ಲಿ ನಾನು ಬರೆದ ಒಂದು ಪ್ರೋಗ್ರಾಮಿನ ವಿಷಯಕ್ಕೆ ಬರುವುದಕ್ಕೆ.

ಲಾಕ್‌ಡೌನ್ ಶುರುವಾಗಿ ಕೆಲವು ತಿಂಗಳಾಗಿತ್ತು. ಕಂಪನಿಯ ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದೆವು. ಮ್ಯಾನೇಜರ್ ಒಂದು ದಿನ ಫೋನ್ ಮಾಡಿ, "ನೀವು ಐಡಲ್ ಎಕ್ಸ್‌ಪರ್ಟ್ ಅಲ್ವಾ, ಒಂದು ಸಣ್ಣ ಕೆಲಸ" ಎಂದರು. ಲ್ಯಾಪ್‌ಟಾಪ್ ಮುಂದೆ ಕೂತವರು ಯಾವಾಗ ಬಿಡುವಾಗಿದ್ದಾರೆಂದು ಗುರುತಿಸುವ ಪ್ರೋಗ್ರಾಂ ಬೇಕು. ನಿಜಕ್ಕೂ ಸಣ್ಣ ಕೆಲಸವೇ. ಕೊನೆಯ ಸಲ ಕೀಲಿ ಒತ್ತಿದ್ದು, ಮೌಸ್ ಅಲುಗಿದ್ದು ಯಾವಾಗ ಎಂಬುದನ್ನು ಆಪರೇಟಿಂಗ್ ಸಿಸ್ಟಮ್ ಹೇಗೂ ಇಟ್ಟುಕೊಂಡಿರುತ್ತದೆ. ಪರದೆ ಆರಿಸಲು ಅದು ಬೇಕೇ ಬೇಕು. ಅದನ್ನು ಓದಿ, ಇಷ್ಟು ಸೆಕೆಂಡ್ ದಾಟಿದರೆ ಹಸಿರು ಚುಕ್ಕೆಯನ್ನು ಹಳದಿ ಮಾಡಬೇಕು. ಎಷ್ಟು ಸೆಕೆಂಡ್ ಎಂದು ಯಾರೂ ಹೇಳಲಿಲ್ಲ. ನಾನೇ 300 ಎಂದು ಟೈಪ್ ಮಾಡಿದೆ. ಐದು ನಿಮಿಷ. ಯಾಕೆ ಐದು ಎಂದು ಇವತ್ತು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ದುಂಡಗೆ ಕಂಡಿತು, ಬರೆದೆ. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು.

ನಮ್ಮ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು, ಆಗ ದಾವಣಗೆರೆಯ ತವರಿನಿಂದ ಕೆಲಸ ಮಾಡುತ್ತಿದ್ದಳು. ಎರಡು ಪ್ರೋಗ್ರಾಂಗಳು ಒಂದಕ್ಕೊಂದು ಕಾಯುತ್ತ ಇಡೀ ಸಾಧನವೇ ಸ್ತಬ್ಧವಾಗುವ ತೊಂದರೆಯೊಂದು ತಿಂಗಳುಗಟ್ಟಲೆ ಕಾಡುತ್ತಿತ್ತು. ವಾರಕ್ಕೊಮ್ಮೆ ಬರುತ್ತಿತ್ತು, ನೋಡಲು ಹೋದರೆ ಮಾಯ. ಅವಳು ಅದನ್ನು ಕಾಗದದ ಮೇಲೆ ಬಿಡಿಸಿದಳು. ಯಾರು ಯಾವ ಬೀಗ ಹಿಡಿದಿರುವಾಗ ಯಾರು ಯಾವುದಕ್ಕೆ ಕಾಯುತ್ತಾರೆ ಎಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಎಳೆದು, ಕೆಲವು ದಿನಗಳಲ್ಲಿ ಹಿಡಿದಳು. ಪರಿಹಾರ ಎರಡು ಸಾಲು. ಆ ದಿನಗಳಲ್ಲಿ ಅವಳ ಚುಕ್ಕೆ ಹೆಚ್ಚು ಹೊತ್ತು ಹಳದಿಯೇ ಇತ್ತು. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಎರಡು ಸಾಲಿನ ಪಕ್ಕದಲ್ಲಿ ಹಳದಿಯ ಲೆಕ್ಕವೂ ಇತ್ತು. ಸಿಗಬೇಕಾಗಿದ್ದ ಬಡ್ತಿ ಆ ಸಲ ಸಿಗಲಿಲ್ಲ. ಅವಳು ಫೋನ್ ಮಾಡಿ ಜಗಳವಾಡಲಿಲ್ಲ. "ಸರ್, ಅದನ್ನು ಬರೆದಿದ್ದು ನೀವೇ ಅಂತೆ. ನಾನು ಯೋಚನೆ ಮಾಡ್ತಾ ಇದ್ದೆ ಅಂತ ಅದಕ್ಕೆ ಗೊತ್ತಾಗಬೇಕಿದ್ರೆ ನಾನು ಏನ್ ಮಾಡಬೇಕಿತ್ತು ಹೇಳಿ" ಎಂದಳು. ವ್ಯಂಗ್ಯವಲ್ಲ, ತಿಳಿದುಕೊಳ್ಳುವ ಧ್ವನಿಯೇ ಇತ್ತು. ನಾನು "ನೋಡ್ತೀನಮ್ಮ" ಎಂದೆ. ಮುಂದಿನ ವರ್ಷ ಅವಳು ಬೇರೆ ಕಡೆ ಹೋದಳು.

ನ್ಯಾಯವಾಗಿ ಹೇಳಬೇಕೆಂದರೆ ಇನ್ನೊಂದು ಮಗ್ಗುಲೂ ಇದೆ. ಲೆಕ್ಕವೇ ಬೇಡ ಎನ್ನಲು ನನ್ನಿಂದ ಆಗುವುದಿಲ್ಲ. ಕರ್ನಲ್ ಲೆಕ್ಕ ಇಡದಿದ್ದರೆ ಜೋರಿದ್ದ ಒಂದು ಪ್ರೋಗ್ರಾಂ ಉಳಿದವರ ಬಾಯಿಗೆ ಮಣ್ಣು ಹಾಕುತ್ತದೆ. ಮನುಷ್ಯರ ತಂಡದಲ್ಲೂ ಒಬ್ಬರು ಕೈಬಿಟ್ಟ ಕೆಲಸ ಗಾಳಿಯಲ್ಲಿ ಕರಗುವುದಿಲ್ಲ, ಪಕ್ಕದವರ ರಾತ್ರಿಗೆ ಹೋಗಿ ಬೀಳುತ್ತದೆ. ನಾನೂ ಅಂಥ ರಾತ್ರಿಗಳನ್ನು ಕಳೆದಿದ್ದೇನೆ. ಆದರೆ ನಮ್ಮಲ್ಲಿ ನಿಜವಾಗಿ ಕೈಬಿಟ್ಟಿದ್ದವನೊಬ್ಬ ಇದ್ದ, ಎರಡು ಕಂಪನಿಗಳ ಸಂಬಳ ತೆಗೆದುಕೊಳ್ಳುತ್ತಿದ್ದ ಎಂದು ಆಮೇಲೆ ತಿಳಿಯಿತು. ಅವನ ಚುಕ್ಕೆ ಸದಾ ಹಸಿರು. ಇನ್ನು ನಾನು? ಕೈಗಡಿಯಾರದ ಮುಖದ ಮೇಲೆ ಮೌಸ್ ಇಟ್ಟರೆ ಸೆಕೆಂಡಿನ ಮುಳ್ಳು ಹೊರಳುವುದನ್ನೇ ಅದು ಕೈಯ ಚಲನೆ ಎಂದುಕೊಳ್ಳುತ್ತದೆ ಎಂಬುದು ಆಗ ಬಾಯಿಂದ ಬಾಯಿಗೆ ಹರಡಿತ್ತು. ಕಾಫಿ ಮಾಡಲು ಏಳುವಾಗ ನಾನು ಬರೆದ ಪ್ರೋಗ್ರಾಮಿಗೆ ಹೆದರಿ ನಾನೇ ಹಾಗೆ ಇಟ್ಟು ಹೋಗುತ್ತಿದ್ದೆ.

ಆ ಹುಡುಗಿಯ ಪ್ರಶ್ನೆ ಮಾತ್ರ ಬಿಡಲಿಲ್ಲ. ಒಂದೇ ಕೆಲಸವನ್ನು ಎರಡು ಕಡೆ ಮಾಡಿದವನು ನಾನು. ಕರ್ನಲ್ ಬಿಡುವಾಗಿದೆ ಎಂದು ಹೇಳಿದಾಗ ನಾನು ತಪ್ಪಿರಲಿಲ್ಲ. ಅವಳು ಬಿಡುವಾಗಿದ್ದಾಳೆ ಎಂದಾಗ ತಪ್ಪಿದೆ. ವ್ಯತ್ಯಾಸ ಎಲ್ಲಿ?

ನನಗೆ ಹೊಳೆದದ್ದು ಇದು. ಕರ್ನಲ್ ಬಿಡುವನ್ನು ಪತ್ತೆ ಮಾಡುವುದು ಸಿಪಿಯುವಿನ ಮುಖ ನೋಡಿ ಅಲ್ಲ, ತನ್ನ ಸಾಲನ್ನು ನೋಡಿ. ಸಾಲು ಖಾಲಿ ಇದೆ, ಆದ್ದರಿಂದ ಸಿಪಿಯು ಬಿಡುವಾಗಿದೆ. ಅದು ಸಿಪಿಯುವಿನ ಬಗ್ಗೆ ಕೊಟ್ಟ ತೀರ್ಪೇ ಅಲ್ಲ. "ಇವನಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ" ಎಂದು ಕೊಡುವವನು ತನ್ನ ಬಗ್ಗೆ ಬರೆದುಕೊಂಡ ಟಿಪ್ಪಣಿ. ಇಡೀ ದಿನ ಖಾಲಿ ಇದ್ದ ಸಿಪಿಯುವನ್ನು ಸೋಮಾರಿ ಎಂದು ಬೈದ ಎಂಜಿನಿಯರನ್ನು ನಾನು ನೋಡಿಲ್ಲ. ನಮ್ಮ ಕಚೇರಿಗಳಲ್ಲಿ ಮಾತ್ರ ಇದು ತಲೆಕೆಳಗು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಪ್ರಾಜೆಕ್ಟ್ ಇಲ್ಲದವರನ್ನು ಬೆಂಚಿನ ಮೇಲಿದ್ದಾರೆ ಎನ್ನುತ್ತೇವೆ. ಖಾಲಿಯಾಗಿರುವುದು ಕಂಪನಿಯ ಸಾಲು, ಮುಖ ತಗ್ಗಿಸಿ ಓಡಾಡುವುದು ಬೆಂಚಿನ ಮೇಲಿದ್ದವರು. ಊರಿಗೆ ಹೋದಾಗ ಹೇಳಿಕೊಳ್ಳಲೂ ನಾಚಿಕೆ.

ಕರ್ನಲ್‌ನ ಪುಸ್ತಕದಲ್ಲಿ ಇನ್ನೊಂದು ಕಲಮು ಇದೆ, ಐಓ ವೇಯ್ಟ್ ಎಂದು. ಸಿಪಿಯು ಖಾಲಿ ಇದೆ, ಆದರೆ ಯಾವುದೋ ಪ್ರೋಗ್ರಾಂ ಡಿಸ್ಕಿನಿಂದ ಬರಬೇಕಾದ ಮಾಹಿತಿಗೆ ಕಾಯುತ್ತ ನಿಂತಿದೆ. ಅಂಥ ಹೊತ್ತನ್ನು ಬರಿಯ ಬಿಡುವಿಗೆ ಸೇರಿಸದೆ ಬೇರೆ ಬರೆಯುತ್ತಾರೆ. ಒಳ್ಳೆಯ ಯೋಚನೆ. ಆದರೆ ಲಿನಕ್ಸ್‌ನ ಕೈಪಿಡಿಯೇ ಈ ಅಂಕಿಯನ್ನು ನಂಬಬೇಡಿ ಎಂದು ಎಚ್ಚರಿಸುತ್ತದೆ. ಕಾರಣ ಸರಳ: ಕಾಯುವುದು ಪ್ರೋಗ್ರಾಂ, ಸಿಪಿಯು ಅಲ್ಲ. ಹಲವು ಸಿಪಿಯುಗಳಿರುವಾಗ ಆ ಕಾಯುವಿಕೆಯನ್ನು ಯಾರ ಹೆಸರಿಗೆ ಬರೆಯುವುದು? ಕೆಲಸಕ್ಕೆ ಒಡೆಯನನ್ನು ಗುರುತಿಸಬಹುದು, ಬಿಡುವಿಗೂ ಗುರುತಿಸಬಹುದು. ಕಾಯುವ ಹೊತ್ತಿನ ಒಡೆಯ ಯಾರೆಂದು ಇಷ್ಟು ವರ್ಷವಾದರೂ ಅಲ್ಲಿ ಸರಿಯಾಗಿ ಇತ್ಯರ್ಥವಾಗಿಲ್ಲ.

ಇದನ್ನು ಓದುವಾಗ ನನಗೆ ನೆನಪಾಗುವುದು ನಮ್ಮ ಸೋದರಮಾವ.

ಮಾವ ರೈಲ್ವೆಯಲ್ಲಿ ಗೇಟ್‌ಮ್ಯಾನ್ ಆಗಿದ್ದರು, ಬೀರೂರಿಗೂ ಅರಸೀಕೆರೆಗೂ ನಡುವೆ. ಬೇಸಿಗೆ ರಜೆಯಲ್ಲಿ ಅವರಿಗೆ ಬುತ್ತಿ ತೆಗೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಒಂದು ಸಣ್ಣ ಕೋಣೆ, ಒಂದು ಬೆಂಚು, ಗೋಡೆಗೆ ಗಡಿಯಾರ, ಒಂದು ಫೋನು, ಕೆಂಪು ಹಸಿರು ಬಾವುಟ, ರಾತ್ರಿಗೆ ಲಾಟೀನು. ಸ್ಟೇಷನ್ ಮಾಸ್ಟರ್ ಫೋನ್ ಮಾಡಿ ರೈಲು ಹೊರಡುವುದನ್ನು ಹೇಳುತ್ತಾರೆ. ಇಬ್ಬರೂ ಒಂದೊಂದು ಗುಪ್ತ ಸಂಖ್ಯೆ ಹೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮಾವ ಗೇಟು ಹಾಕಿ, ರೈಲು ದಾಟುವಾಗ ಬಾವುಟ ಹಿಡಿದು ನಿಂತು, ಪ್ರತಿ ಡಬ್ಬಿಯ ಕೆಳಗೂ ಕಣ್ಣಾಡಿಸುತ್ತಾರೆ. ಏನಾದರೂ ಜೋತಾಡುತ್ತಿದೆಯೇ, ಗಾಲಿಯ ಹತ್ತಿರ ಹೊಗೆ ಇದೆಯೇ ಎಂದು. ಆಮೇಲೆ ಗೇಟು ತೆಗೆದು ಮತ್ತೆ ಬೆಂಚಿನ ಮೇಲೆ. ಊರವರು ಎಮ್ಮೆ ಹೊಡೆದುಕೊಂಡು ಹೋಗುವಾಗ "ಏನ್ ಸ್ವಾಮಿ, ಸುಮ್ನೆ ಕೂತ್ಕೊಂಡು ಸರ್ಕಾರದ ಸಂಬಳ!" ಎನ್ನುತ್ತಿದ್ದರು. ಮಾವ ನಗುತ್ತಿದ್ದರು.

ಸುಮ್ಮನೆ ಕೂತಿದ್ದರೇ? ಈ ಪ್ರಶ್ನೆಯನ್ನು ನಮ್ಮ ದೇಶದ ಕಾನೂನು ಬಹಳ ಗಂಭೀರವಾಗಿ ಕೇಳಿಕೊಂಡಿದೆ ಎಂದು ನನಗೆ ತಿಳಿದದ್ದು ತೀರ ಈಚೆಗೆ. 1989ರ ರೈಲ್ವೆ ಕಾಯ್ದೆಯಲ್ಲಿ ನೌಕರರ ದುಡಿಮೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಅದರಲ್ಲಿ ಒಂದು, ಸ್ವಭಾವತಃ ಬಿಟ್ಟುಬಿಟ್ಟು ನಡೆಯುವ ಕೆಲಸ. ಹನ್ನೆರಡು ಗಂಟೆಯ ಪಾಳಿಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನೌಕರ ಕರ್ತವ್ಯದ ಮೇಲಿದ್ದರೂ ಅವನಿಂದ ದೈಹಿಕ ಚಟುವಟಿಕೆಯಾಗಲಿ ಎಡೆಬಿಡದ ಗಮನವಾಗಲಿ ಬೇಕಾಗದಿದ್ದರೆ ಅದು ಈ ವರ್ಗ. ಅದರಲ್ಲಿ ಒಂದು ಗಂಟೆಯ ಒಂದು ಬಿಡುವಾದರೂ ಅಥವಾ ಅರ್ಧ ಗಂಟೆಯ ಎರಡಾದರೂ ಇರಬೇಕು, ಸರಾಸರಿಯನ್ನು ಸತತ 72 ಗಂಟೆಗಳ ಮೇಲೆ ತೆಗೆಯಬೇಕು. ಎಡೆಬಿಡದ ಕೆಲಸದವರಿಗೆ ವಾರಕ್ಕೆ ಸರಾಸರಿ 54 ಗಂಟೆಯ ಮಿತಿ. ಬಿಟ್ಟುಬಿಟ್ಟು ಕೆಲಸ ಮಾಡುವವರಿಗೆ 75 ಗಂಟೆ. ರೈಲು ಕಡಿಮೆ ಓಡಾಡುವ ಗೇಟುಗಳು ಸಾಮಾನ್ಯವಾಗಿ ಬರುವುದು ಈ ಎರಡನೆಯದರಲ್ಲಿ.

ಓದಿದಾಗ ನಾನು ಬೆಚ್ಚಿದೆ. ಇದು ನನ್ನ 300 ಸೆಕೆಂಡಿನದೇ ಪ್ರಶ್ನೆ. ಆದರೆ ನನಗಿಂತ ಕಾನೂನು ಪ್ರಾಮಾಣಿಕವಾಗಿದೆ ಎನ್ನಬೇಕು. ಅದು ಅಂಕಿಯನ್ನು ಬಹಿರಂಗವಾಗಿ ಬರೆದಿದೆ, ಮೂರು ದಿನ ನೋಡಿ ಎಂದಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಹೊತ್ತಿನಲ್ಲೂ ಅವನು ಕರ್ತವ್ಯದಲ್ಲಿದ್ದಾನೆ ಎಂದು ಒಪ್ಪಿಕೊಂಡಿದೆ. ಸೋಮಾರಿ ಎಂದಿಲ್ಲ. ನನ್ನ ತಕರಾರು ಗಮನ ಎಂಬ ಮಾತಿನದು. ಮುಂದಿನ ಒಂದು ಗಂಟೆ ಫೋನು ಬರುವುದಿಲ್ಲ ಎಂದು ಆ ಗಂಟೆ ಮುಗಿದ ಮೇಲೆ ಲೆಕ್ಕ ಹಾಕುವವರಿಗೆ ಗೊತ್ತು. ಬೆಂಚಿನ ಮೇಲೆ ಕೂತವರಿಗೆ ಗೊತ್ತಿರುವುದಿಲ್ಲ.

ಮೂರು ದಿನದ ಆ ಪರೀಕ್ಷೆ ಮಾವನಿಗೂ ಒಮ್ಮೆ ಆಗಿತ್ತು. ಒಬ್ಬರು ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಏನು ಮಾಡಿದರೂ ಹೊತ್ತು ಹಾಕಿ ಬರೆದುಕೊಳ್ಳುತ್ತಿದ್ದರಂತೆ. "ಪಾಪ ಒಳ್ಳೇ ಮನುಷ್ಯ. ಅತ್ತೆ ಅವರಿಗೂ ರೊಟ್ಟಿ ಕಳಿಸ್ತಿದ್ಲು. ಆ ಮೂರು ದಿನ ಒಂದ್ ನಿಮಿಷ ಪುರುಸೊತ್ತು ಇರಲಿಲ್ಲ ನೋಡು, ಅವರ ಜೊತೆ ಮಾತಾಡ್ಬೇಕಲ್ಲ" ಎಂದು ಮಾವ ಈಗಲೂ ಹೇಳಿ ನಗುತ್ತಾರೆ. ಮಾತಾಡಿದ್ದನ್ನು ಅವರು ಯಾವ ಕಲಮಿನಲ್ಲಿ ಬರೆದುಕೊಂಡರೋ.

ಕರ್ನಲ್‌ನವರು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ, ಅದನ್ನು ಹೇಳದೆ ಮುಗಿಸಲಾರೆ. ಸಿಪಿಯುವಿನ ನಿದ್ದೆಗೆ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲು ಬರಿಯ ಕಣ್ಣು ಮುಚ್ಚುವುದು. ಕರೆದ ಕೂಡಲೇ ಏಳುತ್ತದೆ, ಆದರೆ ವಿದ್ಯುತ್ ಹೆಚ್ಚೇನೂ ಉಳಿಯುವುದಿಲ್ಲ. ಆಳದ ಮೆಟ್ಟಿಲಿಗೆ ಇಳಿದರೆ ಒಳಗಿನ ಭಾಗಗಳೇ ಆರುತ್ತವೆ. ಉಳಿತಾಯ ಚೆನ್ನಾಗಿದೆ, ಏಳಲು ಮಾತ್ರ ಹೊತ್ತು ಬೇಕು. ಇಳಿಯುವ, ಏರುವ ಖರ್ಚು ಹುಟ್ಟಬೇಕಾದರೆ ಅಲ್ಲಿ ಸಾಕಷ್ಟು ಹೊತ್ತು ಮಲಗಿರಬೇಕು. ಆದ್ದರಿಂದ ಬಿಡುವಾಗಿದ್ದೇನೆಯೇ ಎಂಬುದಕ್ಕಿಂತ ಕಷ್ಟದ ಪ್ರಶ್ನೆ, ಎಷ್ಟು ಹೊತ್ತು ಬಿಡುವಾಗಿರುತ್ತೇನೆ ಎಂಬುದು. ಇದನ್ನು ಊಹಿಸಲೆಂದೇ ಲಿನಕ್ಸ್‌ನಲ್ಲಿ ಗವರ್ನರ್ ಎಂದು ಕರೆಯುವ ಭಾಗವೊಂದಿದೆ. ಮುಂದಿನ ಅಲಾರಂ ಯಾವಾಗ, ಹಿಂದಿನ ಸಲ ಎಷ್ಟು ಹೊತ್ತಿಗೆ ಎಬ್ಬಿಸಿದರು ಎಂದು ನೋಡಿ ಮೆಟ್ಟಿಲು ಆರಿಸುತ್ತದೆ. ಹಲವು ಸಲ ತಪ್ಪುತ್ತದೆ. ನನ್ನ ಸಂಬಳದ ಬಹುಭಾಗ ಆ ತಪ್ಪುಗಳಿಂದ ಬಂದದ್ದು.

ಇದರ ಜೊತೆಗೆ ಇನ್ನೊಂದು ಏರ್ಪಾಡು. ಯಾವುದಾದರೂ ಪ್ರೋಗ್ರಾಂ, ಉದಾಹರಣೆಗೆ ತಡವಾದರೆ ಧ್ವನಿ ಮುರಿದುಹೋಗುವ ಸಂಗೀತದ ಪ್ರೋಗ್ರಾಂ, "ನಾನು ಕರೆದರೆ ಇಷ್ಟು ಮೈಕ್ರೋಸೆಕೆಂಡಿನೊಳಗೆ ಏಳಲೇಬೇಕು" ಎಂದು ಕೋರಬಹುದು. ಒಂದು ಕಡತ ತೆರೆದು ಅದರಲ್ಲಿ ಆ ಸಂಖ್ಯೆ ಬರೆಯಬೇಕು. ಅಂದಿನಿಂದ ಆಳದ ಮೆಟ್ಟಿಲಿಗೆ ಇಳಿಯುವುದು ನಿಷಿದ್ಧ. ಸಾಲು ಪೂರ್ತಿ ಖಾಲಿ ಇದ್ದರೂ ಸಿಪಿಯು ಅರೆಗಣ್ಣಿನಲ್ಲೇ ಇರಬೇಕು. ಇದರಲ್ಲಿ ನನಗೆ ಇಷ್ಟವಾದದ್ದು ಒಂದು ಸಣ್ಣ ನಿಯಮ. ಆ ಕಡತವನ್ನು ತೆರೆದು ಹಿಡಿದುಕೊಂಡಿರುವಷ್ಟು ಹೊತ್ತು ಮಾತ್ರ ಕೋರಿಕೆಗೆ ಬೆಲೆ. ಕೋರಿದವರು ಮುಚ್ಚಿದರೆ, ಅಥವಾ ಸತ್ತರೆ, ನಿಷೇಧ ತಾನಾಗಿ ಹೋಗುತ್ತದೆ. ಬ್ಯಾಟರಿ ಬೇಗ ಇಳಿಯುತ್ತಿದೆ ಎಂದು ದೂರು ಬಂದಾಗ ನಾವು ಸಿಪಿಯುವನ್ನು ಬೈಯುವುದಿಲ್ಲ. ಯಾರು ಕಡತ ತೆರೆದಿಟ್ಟುಕೊಂಡು ಮರೆತಿದ್ದಾರೆ ಎಂದು ಹುಡುಕುತ್ತೇವೆ. ಹುಡುಕಿದರೆ ಸಿಗುತ್ತದೆ.

ಮಾವ ಮೂವತ್ತು ವರ್ಷ ಇದ್ದದ್ದು ಆ ಮೊದಲ ಮೆಟ್ಟಿಲಿನಲ್ಲಿ. ಅರ್ಧ ಹೊತ್ತು ಚಟುವಟಿಕೆ ಇಲ್ಲ, ನಿಜ. ಆದರೆ ಆ ಅರ್ಧದಲ್ಲಿ ಅವರು ಮನೆಗೆ ಬರುವಂತಿರಲಿಲ್ಲ, ಒಂದು ಪುಸ್ತಕದಲ್ಲಿ ಮುಳುಗುವಂತಿರಲಿಲ್ಲ, ನಿದ್ದೆಯ ಮಾತಂತೂ ದೂರ. ಫೋನು ಒಂದು ಸಲ ಹೊಡೆದುಕೊಂಡರೆ ಎತ್ತಬೇಕು. ಆ ಹೊತ್ತು ಅವರದಾಗಿರಲಿಲ್ಲ. ಹಾಗಾದರೆ ಯಾರದು? ಆ ದಾರಿಯಲ್ಲಿ ರೈಲಿನಲ್ಲಿ ಕೂತು ಹೋದ ಎಲ್ಲರದು, ನನ್ನದೂ ಸೇರಿ. ಯಾರೋ ಎಚ್ಚರವಾಗಿರುವುದರಿಂದ ತಾನು ನಿಶ್ಚಿಂತೆಯಾಗಿ ಮಲಗಿ ಹೋಗುವವನು ಆ ಎಚ್ಚರವನ್ನು ಬಿಡುವು ಎಂದು ಬರೆದುಕೊಳ್ಳುವುದು ಹೇಗೆ ಸರಿಯಾಗುತ್ತದೆ? ಆಸ್ಪತ್ರೆಯ ವರಾಂಡದಲ್ಲಿ ರಾತ್ರಿ ಕೂರುವವರು, ಎಟಿಎಂ ಮುಂದಿನ ಸ್ಟೂಲಿನ ಮೇಲಿನ ಮುದುಕರು, ಜ್ವರ ಬಂದ ಮಗುವಿನ ಪಕ್ಕದಲ್ಲಿ ಮಲಗಿದ ತಾಯಿ, ಕಂಪನಿಯ ಸರ್ವರ್ ಬಿದ್ದರೆ ಏಳಲು ದಿಂಬಿನ ಪಕ್ಕ ಫೋನಿಟ್ಟುಕೊಂಡ ನಮ್ಮ ಹುಡುಗರು, ಎಲ್ಲರೂ ಯಾರದೋ ಕೋರಿಕೆಗೆ ಅರೆಗಣ್ಣಿನಲ್ಲಿದ್ದಾರೆ. ಬರ್ಟ್ರಂಡ್ ರಸೆಲ್ 1932ರಲ್ಲಿ ಬಿಡುವಿನ ಪರವಾಗಿ ಬರೆದ ಪ್ರಬಂಧ ಪ್ರಸಿದ್ಧ. ನನ್ನ ಮಾತು ಅದಲ್ಲ. ಇವರಿಗೆ ಬಿಡುವೇ ಇಲ್ಲ, ಬಿಡುವೆಂಬ ಹೆಸರು ಮಾತ್ರ ಇದೆ ಎನ್ನುವುದು ನನ್ನ ಮಾತು.

ಯಂತ್ರಕ್ಕೂ ಹಾಗೆಯೇ. 2007ರಲ್ಲಿ ಗೂಗಲ್‌ನ ಲೂಯಿಜ್ ಬರೋಸೊ ಮತ್ತು ಉರ್ಸ್ ಹೋಲ್ಜ್ಲ್ ಬರೆದ ಲೇಖನವೊಂದರಲ್ಲಿ, ಅಂದಿನ ಒಳ್ಳೆಯ ಸರ್ವರ್ ಕೂಡ ಹೆಚ್ಚುಕಡಿಮೆ ಏನೂ ಮಾಡದಿರುವಾಗಲೂ ಗರಿಷ್ಠ ವಿದ್ಯುತ್ತಿನ ಸುಮಾರು ಅರ್ಧವನ್ನು ಸುಡುತ್ತದೆ ಎಂದು ತೋರಿಸಿದ್ದರು. ಕರೆದಾಗ ಓಗೊಡಲು ಸಿದ್ಧವಾಗಿರುವುದಕ್ಕೆ ತೆರುವ ಬೆಲೆ ಅದು. ಸರ್ವರಿನ ಆ ಅರ್ಧದ ಬಿಲ್ಲು ಕಂಪನಿಗೆ ಬರುತ್ತದೆ. ಮಾವನ ಅರ್ಧ ಅವರ ಮೈಯಲ್ಲಿ ಜಮೆಯಾಯಿತು.

ಆ ಹುಡುಗಿಯ ಮಾತಿನ ನಂತರ ನಾನು ಮಾಡಿದ್ದೇನು ಎಂದರೆ, 300 ಅನ್ನು 900 ಮಾಡಲು ಮ್ಯಾನೇಜರನ್ನು ಕೇಳಿದೆ. ಅವರು ಸುಲಭವಾಗಿ ಒಪ್ಪಿದರು. ಆ ಒಪ್ಪಿಗೆಯೇ ನನಗೆ ಹೆಚ್ಚು ಚುಚ್ಚಿತು. ಅಷ್ಟು ಸುಲಭವಾಗಿ ಬದಲಾಗುವ ಅಂಕಿಯ ಮೇಲೆ ಒಂದು ವರ್ಷದ ಬಡ್ತಿ ನಿಂತಿತ್ತು. ಕಿತ್ತುಹಾಕೋಣ ಎಂದು ಹೇಳುವ ಧೈರ್ಯ ನನಗಿರಲಿಲ್ಲ, ಮನೆಯ ಸಾಲದ ಕಂತು ನಡೆಯುತ್ತಿತ್ತು. ಎರಡು ವರ್ಷದ ಮೇಲೆ ಆ ಕಂಪನಿ ಬಿಟ್ಟೆ. ಅವಳಿಗೆ ಒಂದು ಮೇಲ್ ಬರೆದೆ, ತಪ್ಪು ನನ್ನದು ಎಂದು. "ಪರವಾಗಿಲ್ಲ ಸರ್, ಇಲ್ಲೂ ಅಂಥದ್ದೇ ಒಂದಿದೆ" ಎಂದು ಉತ್ತರ ಬಂತು.

ಕಳೆದ ಯುಗಾದಿಗೆ ಊರಿಗೆ ಹೋಗಿದ್ದೆ. ಮಾವನ ಗೇಟು ಈಗ ಇಲ್ಲ, ಅಲ್ಲಿ ಅಂಡರ್‌ಪಾಸ್ ಆಗಿದೆ, ಮಳೆ ಬಂದರೆ ನೀರು ನಿಲ್ಲುತ್ತದೆ. ನಿವೃತ್ತರಾಗಿ ಹನ್ನೊಂದು ವರ್ಷ. ರಾತ್ರಿ ಊಟ ಮುಗಿಸಿ ಇಬ್ಬರೂ ಜಗುಲಿಯ ಮೇಲೆ ಕೂತಿದ್ದೆವು. ನಾನು ಲ್ಯಾಪ್‌ಟಾಪ್ ತೆರೆದು, ಎದ್ದಾಗಿನಿಂದ ಎಷ್ಟು ಹೊತ್ತಾಯಿತು, ಅದರಲ್ಲಿ ಬಿಡುವು ಎಷ್ಟು ಎಂದು ಕರ್ನಲ್ ಬರೆದಿಡುವ ಎರಡು ಅಂಕಿಗಳನ್ನು ಅವರಿಗೆ ತೋರಿಸಿದೆ. ಎರಡನೆಯದು ಮೊದಲನೆಯದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿತ್ತು. ಎಲ್ಲ ಸಿಪಿಯುಗಳ ಬಿಡುವನ್ನೂ ಕೂಡಿಸಿ ಬರೆಯುವುದರಿಂದ ಹಾಗೆ.

"ಬದುಕಿದ್ದಕ್ಕಿಂತ ಸುಮ್ನಿದ್ದಿದ್ದೇ ಜಾಸ್ತಿ ಅಂತಾ?" ಎಂದು ಮಾವ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡಿದರು.

"ಹೂಂ ಮಾವ, ಹಾಗೇ."

"ಇದಕ್ಕೆ ಫೋನ್ ಮಾಡೋರು ಯಾರು?"

ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ದೂರದಲ್ಲಿ ಗಾಡಿಯ ಸದ್ದು ಕೇಳಿತು. ಮಾವ ನನ್ನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಬಾಗಿಲಿನೊಳಗೆ ಬಗ್ಗಿ ಗೋಡೆಯ ಗಡಿಯಾರ ನೋಡಿದರು, "ಹದಿನಾಲ್ಕು ನಿಮಿಷ ಲೇಟು" ಎಂದರು, ಕೊನೆಯ ಡಬ್ಬಿ ದಾಟುವವರೆಗೂ ತಲೆ ಎತ್ತಿ ಕೂತಿದ್ದು ಆಮೇಲೆ ಗೋಡೆಗೆ ಒರಗಿದರು.